ಹೆಸರು ಬರೆಯದ ದಿನ

ಸೋಮವಾರ, ಬೆಳಿಗ್ಗೆ ಏಳೂಕಾಲು, ಹುಕ್ಕೇರಿ ರಸ್ತೆ. ಅಲ್ಲಿದ್ದವರು ಮೂವರು: ನಿಲ್ಲದೆ ಹೋದ ಬೈಕೊಂದು ಬಡಿದು ಬಿದ್ದಿದ್ದ ಕುರಿ ಕಾಯುವ ಮುದುಕ, ಅಡ್ಡಾಡಲು ಹೊರಟಿದ್ದ ನಾನು, ನನ್ನ ಕೂಗಿಗೆ ಟೆಂಪೋ ನಿಲ್ಲಿಸಿದ ಚಾಲಕ.

"ಕಾಕಾ, ದವಾಖಾನಿ ಬಾಗಲಕ್ಕ ಇಳಿಸಿ ಓಡಿಬಿಡತೇನ್ರಿ. ಪೊಲೀಸ್ರ ಕೈಗೆ ಸಿಕ್ರ ನನ್ನ ಕತಿ ಮುಗೀತು," ಎಂದ ಚಾಲಕ.

ಮುದುಕನ ತಲೆಯ ರಕ್ತ ನಿಂತಿರಲಿಲ್ಲ. ನಾವಿಬ್ಬರೂ ಅವನನ್ನು ಎತ್ತಿ ದವಾಖಾನೆಯ ಒಳಗೆ ಒಯ್ದ ಮೇಲೆ, ರೂಢಿಯಂತೆ ರಿಜಿಸ್ಟರಿನಲ್ಲಿ ಬರೆಯಲು ನಾನು ಪೆನ್ನು ತೆಗೆದೆ. ನರ್ಸ್ ತಡೆದಳು.

"ತಂದವ್ರು ಹೆಸರ ಹೇಳಬೇಕಂತಿಲ್ರಿ ಅಜ್ಜಾರ. ಹೊಂಟ ಹೋದ್ರೂ ಯಾರೂ ತಡಿಯಂಗಿಲ್ಲ. ಕಾಯ್ದಾನ ಹಂಗೈತಿ."

ಹೋದಲ್ಲೆಲ್ಲ ಹೆಸರು ಬರೆದು ಸಹಿ ಹಾಕುತ್ತಲೇ ತಲೆ ನರೆತ ನಾನು ಬೆರಗಾಗಿ ನಿಂತೆ. ಹೋಗಬಹುದೆಂದು ತಿಳಿದ ಮೇಲೆ ಚಾಲಕ ಹೋಗಲೇ ಇಲ್ಲ, ತೋಳು ಚಾಚಿ ರಕ್ತ ಕೊಟ್ಟ.

ಮುದುಕ ಉಳಿದನೆಂದು ವೈದ್ಯರು ಹೇಳಿದಾಗ ಸಂಜೆ ಐದು. ಆಗಲೂ ಒಬ್ಬರ ಹೆಸರು ಒಬ್ಬರು ಕೇಳದೆ, ಇಬ್ಬರೂ ಸೇರಿ ಟೆಂಪೋದಲ್ಲಿ ಅಂಟಿದ್ದ ರಕ್ತ ತೊಳೆದೆವು.