ಖಂಡೇಪೂಜೆಗೆ ನಿಲ್ಲಿಸಿದ ಕಂಪ್ಯೂಟರ್

ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ, ಬೆಟಗೇರಿಯ ಅಕ್ಕನ ಮನೆಯಲ್ಲಿ ಕಂಪ್ಯೂಟರಿನ ಫ್ಯಾನಿನ ಸದ್ದು ನಿಂತಿತು. ನಾನು ಹಿತ್ತಲಲ್ಲಿ ಮಾವಿನೆಲೆ ತೊಳೆಯುತ್ತಿದ್ದೆ. ಆ ನಿಶ್ಶಬ್ದ ಈಗಲೂ ಕಿವಿಯಲ್ಲಿದೆ.

ಅದು ಭಾವನ ಕಂಪ್ಯೂಟರ್. ನೇಕಾರರಾಗಿದ್ದ ಅವರು ಸೀರೆಯ ಅಂಚಿನ ನಕ್ಷೆಗಳನ್ನು ಅದರಲ್ಲೇ ಬಿಡಿಸುತ್ತಿದ್ದರು. ಬಿಡುವಾದಾಗ ಮಗಳಿಗಾಗಿ ಕಥೆ ಹೇಳಿ ರೆಕಾರ್ಡ್ ಮಾಡಿಡುತ್ತಿದ್ದರು. ಅದರ ಹಿಂದಿನ ವರ್ಷ ಅವರು ತೀರಿಕೊಂಡ ಮೇಲೆ ಅಕ್ಕ, ಮಗಳು ಇಬ್ಬರೂ ಆ ದನಿ ಕೇಳುತ್ತಲೇ ನಿದ್ದೆ ಹೋಗುತ್ತಿದ್ದರು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ.

ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲವೆಂಬ ಸೂಚನೆ ಪದೇಪದೇ ಬರುತ್ತಿತ್ತು. ಹೊಸದಕ್ಕೆ ನಾಲ್ಕು ಜಿಬಿ ಮೆಮೊರಿ, ಅರವತ್ನಾಲ್ಕು ಜಿಬಿ ಜಾಗ, ಒಂದು ಸುರಕ್ಷತಾ ಚಿಪ್ ಬೇಕು. ಮೆಮೊರಿ, ಚಿಪ್ ಇದ್ದವು. ಸಿಸ್ಟಮ್ ಕೂರುವ ಭಾಗದಲ್ಲಿ ಜಾಗ ಸಾಲುತ್ತಿರಲಿಲ್ಲ. ಅದಕ್ಕೇ ಕಥೆಗಳಿದ್ದ ಭಾಗವನ್ನು ಡಿಸ್ಕಿನಲ್ಲೇ ಪಕ್ಕಕ್ಕೆ ಸರಿಸಲು ಹಚ್ಚಿದ್ದೆ. ಮುಗಿಯುವವರೆಗೆ ಆರಿಸಬೇಡಿ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ಒಳಗೆ ಓಡಿದೆ. ಪರದೆ ಕಪ್ಪಾಗಿತ್ತು. ಅಕ್ಕ ಕಂಪ್ಯೂಟರಿನ ಡಬ್ಬಿಗೆ ವಿಭೂತಿ ಹಚ್ಚುತ್ತಿದ್ದಳು.

“ಬಂದ್ ಮಾಡಿದ್ಯಾ?”

“ಹೂಂ ಮತ್ತ! ಇವತ್ತ ದುಡಿಯೋ ಸಾಮಾನು ನಿಂತಿರಬೇಕಲ್ಲ. ಮಗ್ಗಾನ ನಿಂತೈತಿ, ಇದಕ್ಕೇನು ಕೋಡು ಮೂಡ್ಯಾವೇನು? ಅವರಿದ್ದಾಗೂ ಇದಕ್ಕ ಇವತ್ತ ಕೆಲಸ ಇಲ್ಲ, ಸೂಟೀನ. ಮಾರಿ ಯಾಕ ಹಂಗ ಮಾಡ್ತೀಲೇ, ದೆವ್ವ ಕಂಡವರಂಗ?”

ಮತ್ತೆ ಚಾಲೂ ಮಾಡಿದೆ. ಕಥೆಗಳಿದ್ದ ಭಾಗವೇ ಕಾಣಲಿಲ್ಲ. ಹೇಳಲೇಬೇಕಾಯಿತು. ಅಕ್ಕನ ಬೆರಳಲ್ಲಿ ವಿಭೂತಿ ಒಣಗಿತು.

“ಪೂಜಿ ಮಾಡಾಕ ಹೋಗಿ ಅವರ ದನೀನ ಕಳಕೊಂಡ್ನೇನೋ ತಮ್ಮಾ?”

ಲಕ್ಷ್ಮೇಶ್ವರದ ಗೆಳೆಯನೊಬ್ಬ ಡಿಸ್ಕನ್ನು ಒಯ್ದು ವಾರಗಟ್ಟಲೆ ತಡಕಿದ. ಅಷ್ಟು ದಿನ ಕಣ್ಣು ಮುಚ್ಚಿದರೆ ನನಗೆ ಆ ಫ್ಯಾನಿನ ಸದ್ದು ನಿಲ್ಲುವುದೇ ಕೇಳುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಅಕ್ಕ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಕಡೆಗೆ ಸಿಕ್ಕ ಕಥೆಗಳೆಲ್ಲ “ಒಂದೂರಾಗ” ಎನ್ನುವಷ್ಟರಲ್ಲಿ ಕರಕರ ಸದ್ದಾಗಿ ಮುರಿಯುತ್ತಿದ್ದವು.

ಒಂದು ಮಾತ್ರ ಪೂರ್ತಿ ಉಳಿದಿತ್ತು. ಅದು ಕಥೆಯಲ್ಲ, ಮೈಕ್ ಆರಿಸಲು ಮರೆತದ್ದು. ಮಗ್ಗದ ಲಟಪಟ, ನಡುವೆ ಭಾವನ ಕೂಗು: “ಚಾ ಜಲ್ದಿ ತರ್ತೀಯೋ, ಮುಂಡರಗಿಗೆ ಹೋಗಿ ಕುಡದ ಬರ್ಲೋ?”

ಅಕ್ಕ ಫಕ್ಕನೆ ನಕ್ಕಳು. ನಗುತ್ತಲೇ ಅತ್ತಳು.

“ಅಪ್ಪನ ಕಥಿ ಎಲ್ಲೈತಿ?” ಮಗಳು ಕೇಳಿದಳು.

“ಉಳದದ್ದು ಇಷ್ಟ ಐತಿ, ಅವ್ವಿ,” ಅಂದಳು ಅಕ್ಕ.

ಅಂದು ಎಳ್ಳಮಾಸಿ, ಎಳ್ಳು ಅಮಾವಾಸ್ಯೆ; ಖಂಡೇಪೂಜೆಯಾಗಿ ಎರಡು ತಿಂಗಳು ದಾಟಿತ್ತು. ಆ ರಾತ್ರಿ ಇಬ್ಬರೂ ಮಗ್ಗದ ಸದ್ದಿಗೇ ಮಲಗಿದರು, ಬೆಳಗಿನವರೆಗೂ ಏಳಲಿಲ್ಲ. ಹೊರಗಿನ ಕೋಣೆಯಲ್ಲಿ ನಾನೂ.