ನಮ್ಮನೆಯವರಿಗೆ ಉಳಿದ ಇಂಗ್ಲಿಷ್

ಪಾರ್ಶ್ವವಾಯು ಹೊಡೆದ ನಮ್ಮನೆಯವರನ್ನು ಮೈಸೂರಿನ ಆಸ್ಪತ್ರೆಯಿಂದ ಕೆ.ಆರ್. ನಗರದ ಮನೆಗೆ ಕರೆತಂದ ಮೊದಲ ವಾರದ ಮಾತು. ಬೆಳಿಗ್ಗೆ ಬಿಸಿನೀರಿನ ಬಕೆಟ್ ತಂದಿಟ್ಟು, "ಏಳಿ, ಮೈ ಒರೆಸ್ತೀನಿ" ಎಂದೆ. ಅಲ್ಲಿಯವರೆಗೆ ಬರೀ 'ಆ', 'ಊ' ಎನ್ನುತ್ತಿದ್ದವರು ಒಂದಕ್ಷರವೂ ತೊದಲದೆ, "ದಿ ಮೀಟಿಂಗ್ ವಾಸ್ ಪುಟ್ ಆಫ್" ಎಂದರು. ಯಾವ ಮೀಟಿಂಗೋ, ಏನು ಅನಾಹುತವೋ ಎಂದು, ಅವರು ಇಂಗ್ಲಿಷ್ ಪಾಠ ಮಾಡುತ್ತಿದ್ದ ಭೇರ್ಯದ ಕಡೆಯ ಹೈಸ್ಕೂಲಿಗೆ ಫೋನು ಮಾಡಿ ಕೇಳಿದೆ. ಯಾವ ಮೀಟಿಂಗೂ ಇರಲಿಲ್ಲ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಮಾತಾಡುವ ಜಾಗಕ್ಕೇ ಪೆಟ್ಟು ಬಿದ್ದಿದೆ, ಮನಸ್ಸಿನಲ್ಲಿ ಇರುವುದು ಬಾಯಿಗೆ ಬರುವುದಿಲ್ಲ, ಆದರೆ ಎಷ್ಟೋ ವರ್ಷ ಬಾಯಿಪಾಠ ಆಗಿರುವುದು ಕೆಲವರಲ್ಲಿ ಹಾಗೇ ಉಳಿದುಬಿಡುತ್ತದೆ, ಮಾತಾಡಿಸುತ್ತಾ ಇರಿ, ಉಳಿದದ್ದೂ ಬರಬಹುದು ಎಂದರು. ಬೇರೆಯವರಿಗೆ ಶ್ಲೋಕ ಉಳಿಯುತ್ತದಂತೆ, ಮಗ್ಗಿ ಉಳಿಯುತ್ತದಂತೆ. ನಮ್ಮವರಿಗೆ ಉಳಿದದ್ದು ಕರಿಹಲಗೆಯ ಮೇಲೆ ಬರೆದು ಬರೆದು ಸವೆಸಿದ ಇಂಗ್ಲಿಷ್ ವಾಕ್ಯಗಳು. ಹುಟ್ಟಿದಾಗಿನಿಂದ ಆಡಿದ ಕನ್ನಡ ಹೋಗಿತ್ತು. ನನಗೆ ಬರುವುದು ಕನ್ನಡ ಒಂದೇ.

ಮದುವೆಯಾದ ಮೇಲೆ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಇವಳೇ" ಎನ್ನುತ್ತಿದ್ದರು. ನಡುಮನೆಯಿಂದ "ಇವಳೇ" ಎಂದರೆ ಕಾಫಿ, ಬಾಗಿಲಿಂದ "ಇವಳೇ" ಎಂದರೆ ಚಪ್ಪಲಿ, ಛತ್ರಿ. ಆಗ ಆ ಕೂಗು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಈಗ ಅದೊಂದನ್ನು ಕೇಳಿದರೆ ಸಾಕು ಎಂದು ಕಾದೆ. ಈ ಮನೆಯಲ್ಲಿ ಓಡಾಡುತ್ತಿರುವುದು ತನ್ನ ಹೆಂಡತಿ ಎಂದು ಅವರಿಗೆ ಗೊತ್ತಿದೆ ಎನ್ನುವುದಕ್ಕೆ ನನಗೊಂದು ಮಾತು ಬೇಕಿತ್ತು.

ನನಗೆ ದಾರಿ ತೋರಿಸಿದವನು ಅವರ ಹಳೆಯ ವಿದ್ಯಾರ್ಥಿ. ಬಸ್ ಸ್ಟ್ಯಾಂಡಿನ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಸಾಬರ ಹುಡುಗ. ಹುಡುಗ ಎಂದರೆ ಈಗ ಗಡ್ಡ ನರೆತಿದೆ. ಮೇಷ್ಟ್ರನ್ನು ನೋಡಲು ಬಂದವನು ಅವರು ಬಾಯಿ ತೆರೆದ ಕೂಡಲೇ ಗುರುತು ಹಿಡಿದ. ಬಿಸಿನೀರು ತಂದರೆ ಮೀಟಿಂಗ್ ಅನ್ನುತ್ತಾರೆ ಎಂದು ನಾನೂ ಹೇಳಿದೆ.

"ಮೇಷ್ಟ್ರಿಗೆ ತಲೆ ಕೆಟ್ಟಿಲ್ಲ ಕಣಮ್ಮಾ. ಇವೆಲ್ಲಾ ಫ್ರೇಸಲ್ ವರ್ಬು. ನಮ್ಮನ್ನ ಇದ್ರಲ್ಲೇ ಅರೆದ್ಬುಟ್ಟಿದ್ರು. ಪುಟ್ ಆಫ್ ಅಂದ್ರೆ ಮುಂದಕ್ಕಾಕದು. ಸ್ನಾನ ನಾಳೆಗಿರ್ಲಿ ಅಂತಾವ್ರೆ, ಅಷ್ಟೇಯ."

ಅವನೇ ಇನ್ನೊಂದನ್ನೂ ಬಿಡಿಸಿದ. ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲೆ, ಎರಡೂ ಸೇರಿ ಗಿವ್ ಅಪ್ ಆದರೆ ಬಿಟ್ಟುಬಿಡು. ನನಗೆ ರೇಗಿಹೋಯಿತು.

"ಮ್ಯಾಲಕ್ಕೆ ಕೊಟ್ರೆ ಬುಟ್ಟಂಗಾಯ್ತದಾ? ಯಾರಪ್ಪ ಮಾಡಿದ್ದು ಈ ಭಾಷೆನಾ?"

"ಮೋಟ್ರು ಕೈ ಕೊಡ್ತು ಅಂತ ನೀವೂ ಅಂತೀರಲ್ಲಮ್ಮಾ. ಮೋಟ್ರಿಗೆ ಕೈ ಎಲ್ಲದೆ?"

ಅಂದಿನಿಂದ ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋಗುವಾಗ ಅವನು ಐದು ನಿಮಿಷ ನಿಂತು, ಆ ದಿನ ಮೇಷ್ಟ್ರು ಏನೆಂದರೋ ಅದರ ಅರ್ಥ ಹೇಳಿ ಹೋಗುತ್ತಿದ್ದ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನನ್ನು ಅವರ ಮಂಚದ ಪಕ್ಕಕ್ಕೇ ಎಳೆದುಕೊಂಡು, ಊರವರ ರವಿಕೆ ಹೊಲಿಯುತ್ತಾ ನಾನು ಅವನ್ನೇ ಗುನುಗಿಕೊಂಡೆ. "ದಿ ಬಸ್ ಬ್ರೋಕ್ ಡೌನ್" ಎಂದರೆ ಬಸ್ಸು ಕೆಟ್ಟು ನಿಂತಿತು. ನಮ್ಮ ಮನೆಯಲ್ಲಿ ಅದರ ಅರ್ಥ ಬಲಗಾಲು ಏಳುತ್ತಿಲ್ಲ, ಬಂದು ಹಿಡಿ. "ವಿ ಹ್ಯಾವ್ ರನ್ ಔಟ್ ಆಫ್ ಕೆರೋಸಿನ್" ಎಂದರೆ ಸೀಮೆಎಣ್ಣೆ ಮುಗಿದಿದೆ; ಅಂದರೆ ಚೊಂಬಿನಲ್ಲಿ ನೀರಿಲ್ಲ. ಮುದ್ದೆ ಬೇಡವಾದರೆ "ಹಿ ಗೇವ್ ಅಪ್ ಸ್ಮೋಕಿಂಗ್". ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಪಿರಿಯಾಪಟ್ಟಣದಿಂದ ಮೈದುನ ಬಂದು, ಅಣ್ಣನ ತಲೆದೆಸೆಯಲ್ಲಿ ಕೂತು ಗದ್ದೆಯ ಭಾಗದ ಮಾತೆತ್ತಿ ಹೊರಟಾಗ, ಬಾಗಿಲ ಕಡೆ ನೋಡಿಕೊಂಡು "ದಿ ಥೀಫ್ ಗಾಟ್ ಅವೇ" ಎಂದರು. ಕಳ್ಳ ತಪ್ಪಿಸಿಕೊಂಡ. ಆ ಒಂದು ಸಲ ನಾನು ಬಿದ್ದು ಬಿದ್ದು ನಕ್ಕೆ.

ನಗು ಅಷ್ಟಕ್ಕೇ. ಮಿಕ್ಕದ್ದೆಲ್ಲ ಎತ್ತುವುದು, ಒರೆಸುವುದು, ಒಗೆಯುವುದು, ಮಾತ್ರೆ ನುಂಗಿಸುವುದು, ಕೈಕಾಲು ಮಡಿಸಿ ನೀಡಿಸುವುದು. ನಮಗೆ ಮಕ್ಕಳಿಲ್ಲ. ಅವರಿಗೆ ಶಾಲೆ ತುಂಬ ಮಕ್ಕಳಿದ್ದರು, ಅವರು ಅದರಲ್ಲೇ ಕಾಲ ಕಳೆದರು. ಅಷ್ಟು ಮಕ್ಕಳಿಗೆ ತಿದ್ದಿ ತಿದ್ದಿ ಹೇಳಿಕೊಟ್ಟ ಮನುಷ್ಯ ನನಗೆ ಒಂದೇ ಒಂದು ವಾಕ್ಯ ಹೇಳಿಕೊಟ್ಟಿರಲಿಲ್ಲ. ಹೊಸದರಲ್ಲಿ ಒಮ್ಮೆ ಕೇಳಿದ್ದಕ್ಕೆ "ನಿಂಗ್ಯಾಕೆ ಅದೆಲ್ಲ" ಎಂದಿದ್ದರು. ಈಗ ಅವರಿಗೆ ಗುಟುಕು ನೀರು ಬೇಕಾದರೂ ನಾನು ಇಂಗ್ಲಿಷ್ ಕಲಿಯಬೇಕು. ಸಿಟ್ಟು ಬರುತ್ತಿತ್ತು. ಆ ಮುಖ ನೋಡಿ ಸಿಟ್ಟನ್ನೂ ಪೂರ್ತಿ ಮಾಡಲಾಗುತ್ತಿರಲಿಲ್ಲ.

ಅವರ ವಾಕ್ಯಗಳಲ್ಲಿ ನಾನು ಎಲ್ಲಾದರೂ ಸಿಗುತ್ತೇನೇನೋ ಎಂದು ಹುಡುಕುತ್ತಲೇ ಇದ್ದೆ. ಕಳ್ಳನಿದ್ದ, ರೈತನಿದ್ದ, ಪೊಲೀಸಿನವನಿದ್ದ, ಹೆಡ್ಮಾಸ್ತರಿದ್ದರು. ಹೆಂಡತಿ ಇರಲಿಲ್ಲ. ನಾಚಿಕೆ ಬಿಟ್ಟು ಮೋಟರ್ ಅಂಗಡಿಯವನನ್ನೇ ಕೇಳಿದೆ.

"ಎಂಡ್ತಿ ಇರ ವಾಕ್ಯ ಒಂದೂ ಬರಸ್ಲಿಲ್ವೇನಪ್ಪ ನಿಮ್ ಮೇಷ್ಟ್ರು?"

ಅವನು ನೆನಪಿದ್ದ ವಾಕ್ಯಗಳನ್ನೆಲ್ಲ ಬೆರಳು ಮಡಿಸಿ ಎಣಿಸಿದ. "ಇಲ್ಲ ಕಣಮ್ಮಾ. ಪರೀಕ್ಷೆಗೆ ಬತ್ತಿರ್ಲಿಲ್ಲ" ಎಂದ.

ಮದುವೆಗಳ ಕಾಲ ಬಂತು. ರವಿಕೆಗಳು ರಾಶಿ ಬಿದ್ದವು. ಒಂದು ಮಧ್ಯಾಹ್ನ ಕರೆಂಟಿರಲಿಲ್ಲ, ಮೇಲಿನ ಟ್ಯಾಂಕಿನಲ್ಲಿ ನೀರಿರಲಿಲ್ಲ. ಬೆಳಿಗ್ಗೆಯಷ್ಟೇ ಬದಲಿಸಿದ್ದ ದುಪ್ಪಟಿ ಮತ್ತೆ ಒದ್ದೆಯಾಗಿತ್ತು. "ದಿ ಬಸ್ ಬ್ರೋಕ್ ಡೌನ್" ಎಂದು ಅವರು ಮೆಲ್ಲಗೆ ಅಂದಿರಬೇಕು, ಮಿಷನ್ನಿನ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ಅವರನ್ನು ಮಗ್ಗುಲಿಗೆ ಹೊರಳಿಸಿ ದುಪ್ಪಟಿ ಎಳೆದೆ. ಸೊಂಟದಲ್ಲಿ ಏನೋ ಚಳಕ್ಕೆಂದಿತು. ನೆಟ್ಟಗೆ ನಿಲ್ಲಲೂ ಆಗದೆ, ಬಗ್ಗಲೂ ಆಗದೆ ನಿಂತಲ್ಲೇ ಕಿರುಚಿದೆ.

"ನನ್ ಕೈಲಾಗಲ್ಲ ಕಣ್ರೀ! ಸಾಕಾಗೋಯ್ತು ನಂಗೆ. ಒಂದ್ಸಲ, ಒಂದೇ ಒಂದ್ಸಲ ನನ್ನ ಮಾತಾಡ್ಸಿ. ಆ ಬಸ್ಸು, ಆ ಕಳ್ಳ ಎಲ್ಲಾ ಆಳಾಗೋಗ್ಲಿ!"

ಅವರು ಹೆದರಿ ನನ್ನನ್ನೇ ನೋಡಿದರು. ತುಟಿ ಅಲುಗಿತು. "ಇ… ಇ…" ಎಂದರು. ಬಂತು, ಈಗ ಬಂತು ಎಂದುಕೊಂಡೆ. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು, ಮಾತು ಅಲ್ಲೇ ನಿಂತುಹೋಯಿತು. ಆಮೇಲೆ ಮಂಚದ ಮೇಲೆ ಕಷ್ಟಪಟ್ಟು ಗೋಡೆಯ ಕಡೆಗೆ ಜರುಗಿ, ಖಾಲಿಯಾದ ಜಾಗವನ್ನು ಎಡಗೈಯಿಂದ ತಟ್ಟಿದರು.

"ಸಿಟ್ ಡೌನ್."

ಇದಕ್ಕೆ ಅರ್ಥ ಕೇಳಲು ಸಂಜೆಯವರೆಗೆ ಕಾಯಬೇಕಿರಲಿಲ್ಲ. ದಿನಾ ಕ್ಲಾಸಿಗೆ ಕಾಲಿಟ್ಟೊಡನೆ ಎದ್ದು ನಿಂತ ಮಕ್ಕಳಿಗೆಲ್ಲ ಅವರು ಹೇಳುತ್ತಿದ್ದ ಮಾತು ಅದು ಎಂದೂ ಗೊತ್ತು. ಬಾಯಿಗೆ ಸಿಕ್ಕಿದ್ದನ್ನು ಹೇಳಿದರೋ, ನನಗೇ ಹೇಳಿದರೋ ಎಂದು ಬಗೆಹರಿಸುವ ತ್ರಾಣ ನನ್ನಲ್ಲಿ ಇರಲಿಲ್ಲ. ಈ ಮನೆಗೆ ಬಂದ ದಿನದಿಂದ ತಗೊಂಡು ಬಾ, ಇಟ್ಟು ಹೋಗು, ಎತ್ತಿಡು, ನೋಡ್ಕೋ ಎಂದೆಲ್ಲ ಕೇಳಿದ್ದೇನೆ. ಕೂತ್ಕೋ ಎಂದು ಒಮ್ಮೆಯೂ, ಕನ್ನಡದಲ್ಲಿ ಕೂಡ, ಅವರ ಬಾಯಲ್ಲಿ ಕೇಳಿರಲಿಲ್ಲ.

ಒದ್ದೆ ದುಪ್ಪಟಿಯನ್ನು ನೆಲಕ್ಕೆ ಬಿಟ್ಟು ಅವರು ತೋರಿಸಿದ ಜಾಗದಲ್ಲಿ ಕೂತೆ. ಅಳು ಬಂತು, ಅತ್ತೆ. ಹೊರಗೆ ಯಾರೋ ರವಿಕೆ ಆಯಿತೇ ಎಂದು ಕೇಳುತ್ತಾ ಬಾಗಿಲು ಬಡಿದರು, ಬಡಿದು ಬಡಿದು ಹೋದರು. ಸ್ಟ್ಯಾಂಡ್ ಅಪ್ ಎನ್ನುವವರೆಗೆ ಏಳಬಾರದು ಎಂದುಕೊಂಡು ಕೂತೇ ಇದ್ದೆ. ಅವರು ಎನ್ನಲಿಲ್ಲ.