ಸಂಕ್ರಮಣದ ರೀಚಾರ್ಜು

ಮೊನ್ನೆ ಸುಳ್ಯದ ಮೊಬೈಲ್ ಅಂಗಡಿಯಲ್ಲಿ ಹೊಸ ಸಿಮ್ಮಿಗೆ ಹೆಬ್ಬೆಟ್ಟು ಒತ್ತಿ ನಿಂತಿದ್ದೆ. “ಪ್ರೀಪೇಯ್ಡಾ, ಪೋಸ್ಟ್‌ಪೇಯ್ಡಾ?” ಅಂದರು ಅಂಗಡಿಯವರು. ಸುಲಭದ ಪ್ರಶ್ನೆ ಎಂದು ನಿಮಗೆ ಅನಿಸಬಹುದು. ನಮ್ಮಲ್ಲಿ ಇದೇ ವಿಷಯಕ್ಕೆ ಒಬ್ಬರು ಮೂರು ಬಗೆಯ ಪಾಯಸದ ಊಟವನ್ನು ನಿಂತುಕೊಂಡೇ ಮುಗಿಸಿದ್ದಾರೆ.

ಅವರು ಕಡಬದ ನನ್ನ ಸೋದರಮಾವ. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವವರು. ಮಾವನ ಸಕಲ ಕಾರ್ಯವೂ ತಿಂಗಳ ಸಂಕ್ರಮಣಕ್ಕೇ: ದೈವಕ್ಕೆ ದೀಪ ಇಡುವುದು, ತಲೆಗೆ ಬಣ್ಣ ಹಚ್ಚುವುದು, ಮೊಬೈಲಿಗೆ ರೀಚಾರ್ಜು. ಆದರೆ ಕಂಪೆನಿಯ ತಿಂಗಳು ಇಪ್ಪತ್ತೆಂಟೇ ದಿನದ್ದು. ಮಾವನ ಪಂಚಾಂಗದ ತಿಂಗಳು ಕೆಲವೊಮ್ಮೆ ಮೂವತ್ತೆರಡಕ್ಕೂ ಹೋಗುತ್ತದೆ. ನಡುವಿನ ದಿನಗಳಲ್ಲಿ ಫೋನಿಗೆ ಮೌನವ್ರತ. “ಸಂಕ್ರಮಣದ ಮೊದಲು ಯಾರೂ ಶುಭಕಾರ್ಯ ಇಡುದಿಲ್ಲ ಮಾರಾಯ, ಹಾಗಾಗಿ ಫೋನೂ ಬೇಡ” ಎಂಬುದು ಅವರ ಸಿದ್ಧಾಂತ.

ಅಂಥದ್ದೊಂದು ಮೌನವ್ರತದ ಹೊತ್ತಿಗೇ ಅಮ್ಮ, ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ಕುರ್ಚಿ ಹೇಳಲು ತನ್ನ ಈ ತಮ್ಮನಿಗೆ ಫೋನು ಮಾಡಿದ್ದು. ಎರಡು ದಿನವೂ ಅದೇ ಹೆಂಗಸಿನ ದನಿ: “ನೀವು ಕರೆ ಮಾಡಿದ ಚಂದಾದಾರರು ಲಭ್ಯರಿಲ್ಲ.” ಯಾರ ದನಿ ಕೇಳಿದರೂ ಅಣಕಿಸುವ ರೋಗ ನನಗೆ. ಪಕ್ಕದಲ್ಲಿ ನಿಂತು ಅದೇ ರಾಗದಲ್ಲಿ ಮುಂದುವರಿಸಿದೆ: “ಚಂದಾದಾರರಿಗೆ ಅಕ್ಕನ ಮೇಲೆ ಸಿಟ್ಟು ಬಂದಿದೆ. ದಯವಿಟ್ಟು ಬೇರೆಯವರಿಗೆ ಹೇಳಿ.” ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ.

“ಸಿಟ್ಟಾ? ಇರ್ಲಿ. ಚೇರ್ ಅವನತ್ರ ಮಾತ್ರ ಉಂಟಾ?” ಎಂದು ಪುತ್ತೂರಿನಿಂದ ಕುರ್ಚಿ ತರಿಸಿಬಿಟ್ಟರು.

ಆಮಂತ್ರಣ ಮೊದಲೇ ಹೋಗಿತ್ತು, ಮಾವ ಬಂದರು. ಸಾಲುಸಾಲು ಕೆಂಪು ಕುರ್ಚಿ ಕಂಡವರೇ ಅಂಗಳದಲ್ಲಿ ನಿಂತುಬಿಟ್ಟರು.

“ಕೂತ್ಕೊಳ್ಳಿ ಮಾವ.”

“ಯಾರ ಚೇರಲ್ಲಿ?”

ಉಂಗುರ ತೊಡಿಸುವಾಗಲೂ ನಿಂತರು, ತಟ್ಟೆ ಹಿಡಿದು ಊಟಕ್ಕೂ ನಿಂತರು. ಗಂಡಿನ ಕಡೆಯವರಿಗೆ ಇದು ನಮ್ಮ ಮನೆತನದ ಕ್ರಮ ಎನಿಸಿತು. ಅವರ ಸೋದರಮಾವನೂ ಮರ್ಯಾದೆಗೆ ಎದ್ದು ನಿಂತರು. ಅವರ ಹಿಂದೆ ಹನ್ನೊಂದು ಮಂದಿ. ಇನ್ನೂರು ಕುರ್ಚಿಯ ನಡುವೆ ಅನ್ನಸಾರು ನಿಂತುಕೊಂಡು ಉಂಡ ನಿಶ್ಚಿತಾರ್ಥ ನಮ್ಮದೊಂದೇ ಇರಬೇಕು.

“ಅಕ್ಕನಿಗೆ ಇನ್ನು ತಮ್ಮ ಇಲ್ಲ” ಎಂದು ಹೊರಟವರಿಗೆ ರಿಕ್ಷಾ ಕರೆಸಲು ನಾನು ಅವರ ಫೋನನ್ನೇ ತೆಗೆದುಕೊಂಡೆ. ಕರೆ ಹೋಗಲಿಲ್ಲ. ರೀಚಾರ್ಜು ಮುಗಿದು ನಾಲ್ಕು ದಿನವಾಗಿತ್ತು. ಅಮ್ಮ ಎರಡು ದಿನ ಕರೆ ಮಾಡಿದ್ದನ್ನೂ ನನ್ನ ಅಣಕವನ್ನೂ ಆಗ ಮಾವನಿಗೆ ಹೇಳಿದೆ.

ಮರುದಿನ ನಾನೂ ಮಾವನೂ ಕಡಬದ ಮೊಬೈಲ್ ಅಂಗಡಿಗೆ ಹೋದೆವು. “ಪೋಸ್ಟ್‌ಪೇಯ್ಡ್ ಮಾಡಿ. ಮೊದಲು ಮಾತು, ತಿಂಗಳಾದ ಮೇಲೆ ಬಿಲ್ಲು” ಎಂದರು ಅಲ್ಲಿಯವರು.

“ಇದು ನನ್ನದೇ ಬಿಸಿನೆಸ್ ಅಲ್ವಾ!” ಮಾವ ಅರಳಿದರು. “ನಾನೂ ಮದುವೆ ಮುಗಿದ ಮೇಲೆಯೇ ದುಡ್ಡು ತಗೊಳ್ಳುದು. ಒಮ್ಮೆ ಗಿರಾಕಿ ಆಗಿ ನೋಡುವ.”

ಮೊದಲ ಕರೆ ಅಮ್ಮನಿಗೆ. “ಅಕ್ಕಾ, ಸಿಟ್ಟೆಲ್ಲ ಎಂತ ಇಲ್ಲ. ಫೋನ್ ಸತ್ತದ್ದು.”

“ಈಗ ಎಷ್ಟು ಹೊತ್ತು ಮಾತಾಡ್ಬಹುದು?”

“ಎಷ್ಟು ಹೊತ್ತೂ.”

“ಹಾಗಾದ್ರೆ ಕೇಳು” ಎಂದು ಅಮ್ಮ ಅವರ ಒಂದನೇ ಕ್ಲಾಸಿನಿಂದ ಬೈಯಲು ಶುರು ಮಾಡಿದರು. ಮುಕ್ಕಾಲು ಗಂಟೆ. ಮಾವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಯಾವ ಮದುವೆ ಸೀಸನ್ನಿನಲ್ಲೂ ಕಂಡಿರಲಿಲ್ಲ. ಕೊನೆಗೆ, “ಆ ಅಣಕದವನಿಗೆ ಕೊಡು” ಎಂದದ್ದು ನನಗೂ ಕೇಳಿಸಿತು. ನನ್ನ ಪಾಲು ಇಪ್ಪತ್ತು ನಿಮಿಷ. ಆ ಹೊತ್ತಿಗೆ ಯಾರ ದನಿಯೂ ನನ್ನ ಬಾಯಿಗೆ ಬರಲಿಲ್ಲ.

“ಇಷ್ಟು ಆಲೋಚನೆ ಮಾಡ್ಲಿಕ್ಕೆ ಎಂತ ಉಂಟು?” ಸುಳ್ಯದ ಅಂಗಡಿಯವರು ಕಾದು ಸುಸ್ತಾಗಿದ್ದರು.

“ಪೋಸ್ಟ್‌ಪೇಯ್ಡೇ ಇರ್ಲಿ ಅಣ್ಣ” ಎಂದೆ. “ಮನೆಯವರಿಗೆ ನನ್ನನ್ನು ಬೈಯಬೇಕು ಅಂತ ಅನಿಸಿದಾಗ ನಾನು ಸಿಗ್ಬೇಕಲ್ಲ.”